ಹುಣಸೆ ರೋಡಿನ ಹದಿನಾಲ್ಕನೇ ಮನೆ

ಸೋಮವಾರ, ಚರ್ಚಿನ ಹಿಂದಿನ ಕೋಣೆ

ಇಂಗ್ಲಿಷರಿಗೆ ಪ್ರಾರ್ಥನೆ ಕಲಿಸಲು ಲಂಡನ್ನಿಗೆ ಹೊರಟಿದ್ದೇನೆ ಎಂದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ಒಬ್ಬರೂ ನಂಬಲಿಲ್ಲ. ನಂಬದಿದ್ದದ್ದು ಸರಿಯೇ. ನಾನು ಹೊರಟದ್ದು ಕಲಿಯುವುದಕ್ಕೆ. ಹೊಸದಾಗಿ ದೀಕ್ಷಾಸ್ನಾನ ಪಡೆದವರು ಮೂರು ತಿಂಗಳಾಗುವಷ್ಟರಲ್ಲಿ ಎಲ್ಲಿಗೆ ಮಾಯವಾಗುತ್ತಾರೆ, ದಿನಾ ಪ್ರಾರ್ಥನೆ ಮಾಡುವ ರೂಢಿ ಅವರಲ್ಲಿ ಬೇರೂರುವುದು ಹೇಗೆ ಎಂಬುದರ ಮೇಲೆ ಒಂದು ವಾರದ ತರಬೇತಿ. ನಮ್ಮ ಸಭೆಯ ಹಿರಿಯರು ಮೂವತ್ತು ವರ್ಷ ಸಂಡೇ ಸ್ಕೂಲ್ ನಡೆಸಿದ ನನ್ನನ್ನು ಆರಿಸಿದರು. "ಸುವಾರ್ತಾ ಟೀಚರ್ ಹೋಗ್ಲಿ ಬಿಡ್ರಿ, ಮಾತಿನ್ಯಾಗ ಅವರನ್ನ ಸೋಲಸಾವ್ರು ಲಂಡನ್‌ದಾಗೂ ಇಲ್ಲ" ಎಂದರಂತೆ. ಅದು ಹೊಗಳಿಕೆಯೋ ಕುಚೋದ್ಯವೋ ಎಂದು ನಾನು ವಿಚಾರಿಸಲು ಹೋಗಲಿಲ್ಲ, ಸೀರೆ ಮಡಿಸತೊಡಗಿದೆ.

ತರಬೇತಿ ನಡೆದದ್ದು ರೇನರ್ಸ್ ಲೇನ್‌ನ ಒಂದು ಪುಟ್ಟ ಚರ್ಚಿನಲ್ಲಿ. ಅಲ್ಲಿನ ಸಭಾಪಾಲಕಿ ಹೆಲೆನ್, ತೆಳ್ಳಗಿನ ಹೆಂಗಸು, ಕೈಯಲ್ಲಿ ಯಾವಾಗಲೂ ಒಂದು ಟೀ ಕಪ್ಪು. ನಾನು ಹೊಸ ನೋಟುಬುಕ್ಕು ತೆರೆದು, ಅಂಚಿನ ಗೆರೆ ಎಳೆದು ಕುಳಿತರೆ ಆಕೆ ಪಾಠವನ್ನೇ ಮಾಡಲಿಲ್ಲ. ನಮ್ಮನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ, ಒಂದೊಂದು ಜೋಡಿಗೆ ಒಬ್ಬೊಬ್ಬ ಹೊಸ ವಿಶ್ವಾಸಿಯನ್ನು ಹಂಚಿಬಿಟ್ಟರು. ನೋಟುಬುಕ್ಕಿನ ಆ ಪುಟ ಇವತ್ತಿಗೂ ಖಾಲಿ ಇದೆ.

ನನ್ನ ಜೊತೆಗಾತಿ ತ್ಸಕಾನಿ. ದಕ್ಷಿಣ ಆಫ್ರಿಕದ ಉತ್ತರದ ತುದಿಯ ಒಂದು ಹಳ್ಳಿಯವರು, ತ್ಸೋಂಗಾ ಜನ, ಏಳು ಹಳ್ಳಿಗಳ ಸಭೆಗಳಲ್ಲಿ ಹೊಸಬರನ್ನು ನೋಡಿಕೊಳ್ಳುವ ತಾಯಿ. ವಯಸ್ಸು ನನ್ನಷ್ಟೇ, ಗಾತ್ರ ನನ್ನ ಎರಡರಷ್ಟು. ಹಳದಿ ಕೆಂಪು ಹೂವಿನ ಬಟ್ಟೆಯನ್ನು ಒಂದು ಹೆಗಲ ಮೇಲೆ ಗಂಟು ಹಾಕಿ ಇಳಿಬಿಟ್ಟಿದ್ದರು. ಅದನ್ನು ಕಂಡದ್ದೇ ನನ್ನ ಕೈ ತಾನಾಗಿ ಸೆರಗು ಸರಿಮಾಡಿಕೊಂಡಿತು. ಆಕೆ ಮೊಣಕಾಲು ಬಾಗಿಸಿ, ಬೊಗಸೆ ಮಾಡಿದ ಕೈಗಳಿಂದ ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸಿದರು. ನಾನು ಕೈ ಮುಗಿದು ಬಾಗಿದೆ. ಆಕೆ ಇನ್ನಷ್ಟು ಬಾಗಿದರು, ನಾನು ಸೋಲುವವಳಲ್ಲ, ಇನ್ನೂ ಬಾಗಿದೆ. ಕೊನೆಗೆ ಇಬ್ಬರ ಹಣೆಗಳೂ ಡಿಕ್ಕಿ ಹೊಡೆದವು. ನಕ್ಕು ನಕ್ಕು ಸುಸ್ತಾದ ಮೇಲೆ ನಮಗೆ ಪರಿಚಯವೇ ಬೇಕಾಗಲಿಲ್ಲ. ಆಕೆಯ ಇಂಗ್ಲಿಷಿಗೂ ನನ್ನ ಶಾಲೆಯ ಇಂಗ್ಲಿಷಿಗೂ ಚೆನ್ನಾಗಿ ಹೊಂದಾಣಿಕೆಯಾಯಿತು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತೇನೆ.

ನಮ್ಮ ಪಾಲಿಗೆ ಬಂದವರು ಲೆನ್. ಲಂಡನ್ನಿನ ನೆಲದಡಿಯ ಟ್ಯೂಬ್ ರೈಲು ಓಡಿಸಿ ನಿವೃತ್ತರಾದವರು, ಒಂಟಿ ಮನುಷ್ಯ, ಈ ಈಸ್ಟರಿನಲ್ಲಿ ದೀಕ್ಷಾಸ್ನಾನ ಪಡೆದವರು.

"ಲೆನ್‌ಗೆ ಪುಸ್ತಕ ಕೊಟ್ಟೆ. ಫೋನಿನಲ್ಲಿ ಪ್ರಾರ್ಥನೆಯ ಆ್ಯಪ್ ಹಾಕಿಕೊಟ್ಟೆ. ಯಾವುದೂ ಆಗಲಿಲ್ಲ," ಎಂದರು ಹೆಲೆನ್. "ಕಣ್ಣು ಮುಚ್ಚಿದರೆ ಹೇಳುವುದಕ್ಕೆ ಏನೂ ಇರುವುದಿಲ್ಲ, ನಾಟಕ ಆಡಿದಂತೆ ಅನ್ನಿಸುತ್ತದೆ ಅನ್ನುತ್ತಾರೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಪಟ್ಟಿಯಿಂದ ತನ್ನ ಹೆಸರು ತೆಗೆದುಹಾಕಿ ಅಂತ ಕೇಳಿದ್ದಾರೆ. ಬುಧವಾರದಿಂದ ಬೆಳಿಗ್ಗೆ ಆರಕ್ಕೆ ಇಬ್ಬರು ಹೆಂಗಸರು ಬರುತ್ತಾರೆ, ಭಾನುವಾರದವರೆಗೆ ತಾಳಿ ಅಂತ ಹೇಳಿ ಒಪ್ಪಿಸಿದ್ದೇನೆ."

ಕೈಗೆ ವಿಳಾಸದ ಚೀಟಿ ಕೊಟ್ಟರು. ನಾನೋ ಉಬ್ಬಿಹೋದೆ. ಕಡಲಾಚೆಯಿಂದ ಬಂದ ಪಾದ್ರಿಗಳು ನನ್ನ ಮುತ್ತಜ್ಜಿಗೆ ಕೈಜೋಡಿಸಿ ಕೂರುವುದನ್ನು ಕಲಿಸಿದ್ದರಂತೆ. ಈಗ ಆಕೆಯ ಮರಿಮೊಮ್ಮಗಳು ಸಾಲ ತೀರಿಸಲು ಬಂದಿದ್ದಾಳೆ ಎಂದು ಮನಸ್ಸಿನಲ್ಲೇ ಒಂದು ಭಾಷಣವನ್ನೂ ತಯಾರು ಮಾಡಿಕೊಂಡೆ.

ಮಂಗಳವಾರ, ಈಲಿಂಗ್ ರೋಡ್

"ಭಾಷಣ ಬೇಡ. ಪೊರಕೆ ಬೇಕು," ಎಂದರು ತ್ಸಕಾನಿ.

ಅವರ ಹಳ್ಳಿಗಳಲ್ಲಿ ಹೊಸ ವಿಶ್ವಾಸಿಗೆ ಮೊದಲು ಪುಸ್ತಕ ಕೊಡುವುದಿಲ್ಲವಂತೆ. ಇಬ್ಬರು ತಾಯಂದಿರನ್ನು ಕೊಡುತ್ತಾರೆ. ಬೆಳಕು ಹರಿಯುತ್ತಿದ್ದಂತೆ ಆ ತಾಯಂದಿರು ಅವನ ಅಂಗಳಕ್ಕೆ ಹೋಗಿ ಕಸ ಗುಡಿಸಿ, ಮೆಲುದನಿಯಲ್ಲಿ ಒಂದು ಹಾಡು ಹೇಳಿ, ಅವನಿಗಾಗಿ ಪ್ರಾರ್ಥಿಸಿ ಸುಮ್ಮನೆ ಹೊರಟುಹೋಗಬೇಕು. ಮೂರು ದಿನ ಬಾಗಿಲು ತಟ್ಟುವಂತಿಲ್ಲ, ಕರೆಯುವಂತಿಲ್ಲ. ಯಾರೋ ದಿನಾ ಬರುತ್ತಿದ್ದಾರೆ ಎಂದು ಅವನಿಗೆ ಒಳಗಿನಿಂದಲೇ ತಿಳಿಯಬೇಕು. ಆಮೇಲೆ ಅವನೇ ಬಾಗಿಲು ತೆಗೆಯುತ್ತಾನೆ. ಒಳಗೆ ಹೋಗಿ ಕೂತು, ಅವನಾಗಿ ಒಂದೇ ಒಂದು ವಾಕ್ಯ ಪ್ರಾರ್ಥನೆ ಹೇಳುವವರೆಗೆ ಕಾಯಬೇಕು. ಮರುದಿನ ಇನ್ನೊಂದು ವಾಕ್ಯ.

"ಅವನು ಹೇಳದಿದ್ದರೆ?"

"ಕಾಯುವುದು."

"ನಾವೇ ಹೇಳಿಕೊಟ್ಟರೆ?"

ತ್ಸಕಾನಿ ನನ್ನನ್ನು ಒಂದು ಕ್ಷಣ ನೋಡಿದರು. "ಹಾಗೆ ಮಾಡಿದರೆ ನಿನ್ನ ಪ್ರಾರ್ಥನೆ ಚೆನ್ನಾಗಿ ಬೆಳೆಯುತ್ತದೆ," ಎಂದರು. ನನ್ನ ಸಂಡೇ ಸ್ಕೂಲಿನ ಮೂವತ್ತು ವರ್ಷ ಕಣ್ಣ ಮುಂದೆ ಬಂದು ಹೋದವು. ಊರಲ್ಲಿ ನಾನು ಪ್ರಾರ್ಥನೆಗೆ ನಿಂತರೆ ಸೃಷ್ಟಿಯಿಂದ ಶುರು ಮಾಡಿ ಲೋಕದ ಅಂತ್ಯ ಮುಟ್ಟಿಸದೆ ಕೂರುವುದಿಲ್ಲ. ಮಕ್ಕಳು ನಡುವೆ ಒಂದು ನಿದ್ದೆ ಮುಗಿಸಿ ಎದ್ದಿರುತ್ತಾರೆ.

ವೆಂಬ್ಲಿಯ ಈಲಿಂಗ್ ರೋಡಿಗೆ ಹೋದರೆ ಅರ್ಧ ಗದಗಿನ ಸಂತೆಯೇ ಅಲ್ಲಿತ್ತು. ಕರಿಬೇವು, ಹಾಗಲಕಾಯಿ, ಸ್ಟೀಲ್ ಡಬ್ಬಿ. ಒಂದು ಅಂಗಡಿಯ ಮೂಲೆಯಲ್ಲಿ ತೆಂಗಿನ ಕಡ್ಡಿಯ ಕಸಬರಿಗೆಗಳು ನಿಂತಿದ್ದವು. ತ್ಸಕಾನಿ ಒಂದೊಂದನ್ನೂ ಎತ್ತಿ, ನೆಲಕ್ಕೆ ತಟ್ಟಿ, ಕಿವಿಗೊಟ್ಟು ಕೇಳಿ ಎರಡನ್ನು ಆರಿಸಿದರು. ಸೀರೆಯ ನೇಯ್ಗೆಯನ್ನು ಕೂಡ ನಾನು ಅಷ್ಟು ಪರೀಕ್ಷಿಸುವುದಿಲ್ಲ.

ವಾಪಸ್ ಟ್ಯೂಬಿನಲ್ಲಿ ಇಬ್ಬರೂ ಕಸಬರಿಗೆ ಹಿಡಿದು ಕುಳಿತೆವು. ನಮ್ಮ ಗದಗಿನ ಬಸ್ಸಾಗಿದ್ದರೆ ಎಲ್ಲಿ ಕೊಂಡಿರಿ, ಎಷ್ಟಕ್ಕೆ ಕೊಂಡಿರಿ, ಮನೆಯಲ್ಲಿ ಹಳೆಯದು ಏನಾಯಿತು ಎಂದು ಮೂರು ಸ್ಟಾಪಿನೊಳಗೆ ಎಲ್ಲ ತನಿಖೆ ಮುಗಿದಿರುತ್ತಿತ್ತು. ಇಲ್ಲಿ ಇಡೀ ಡಬ್ಬಿ ನಮ್ಮನ್ನು ನೋಡದೇ ಇರಲು ಎಷ್ಟು ಕಷ್ಟಪಟ್ಟಿತೆಂದರೆ ನನಗೇ ಪಾಪ ಅನ್ನಿಸಿತು. ಎದುರಿನ ಒಂದು ಪುಟ್ಟ ಹುಡುಗಿ ಮಾತ್ರ ಜೋರಾಗಿ, "ಮಮ್ಮಿ, ಈ ಮಾಟಗಾತಿಯರು ಪೊರಕೆ ಮೇಲೆ ಹಾರಿಕೊಂಡು ಹೋಗುವುದು ಬಿಟ್ಟು ರೈಲಿನಲ್ಲಿ ಯಾಕೆ ಬಂದಿದ್ದಾರೆ?" ಎಂದು ಕೇಳಿದಳು. ಆ ತಾಯಿ ಕೆಂಪಗಾದಳು. ತ್ಸಕಾನಿ ಬಾಗಿ, "ಮೊಣಕಾಲು ನೋವು, ಮಗಳೇ," ಎಂದರು. ಆಗ ಇಡೀ ಡಬ್ಬಿ ತಡೆದುಕೊಂಡಿದ್ದ ನಗುವನ್ನು ಹೊರಗೆ ಬಿಟ್ಟಿತು.

ಬುಧವಾರ, ಗುರುವಾರ, ಹುಣಸೆ ರೋಡ್

ಹುಣಸೆ ಎನ್ನುವುದು ನಾನಿಟ್ಟ ಹೆಸರು. ಲೆನ್ ಸಂಕೋಚದ ಮನುಷ್ಯ, ಅವರ ಬೀದಿಯನ್ನು ಬಯಲು ಮಾಡುವುದು ಬೇಡ. ನಿಜವಾದ ಹೆಸರೂ ಒಂದು ಮರದ್ದೇ, ಬೀದಿಯಲ್ಲಿ ಆ ಮರ ಮಾತ್ರ ಒಂದೂ ಇರಲಿಲ್ಲ.

ಜೂನ್ ತಿಂಗಳ ಲಂಡನ್ನಿನಲ್ಲಿ ಐದಕ್ಕೇ ಸೂರ್ಯ ಬಂದು ಕೆಲಸಕ್ಕೆ ಕುಳಿತಿರುತ್ತಾನೆ. ಆರಕ್ಕೆ ಸರಿಯಾಗಿ ಹದಿನಾಲ್ಕನೇ ನಂಬರಿನ ಮನೆಯ ಮುಂದೆ ನಿಂತೆವು. ಕಾರು ನಿಲ್ಲಿಸಲು ಹೂದೋಟ ಕಿತ್ತು ಕಲ್ಲು ಹಾಸಿದ ಅಂಗಳ, ಮೂಲೆಯಲ್ಲಿ ಚಳಿಗೆ ಹೆದರಿಯೋ ಏನೋ ಬಟ್ಟೆ ಸುತ್ತಿದ್ದ ಒಂದು ಕುಂಡ. ತ್ಸಕಾನಿ ಸೊಂಟ ಬಾಗಿಸಿ ಗುಡಿಸತೊಡಗಿದರೆ ನೋಡುತ್ತಾ ನಿಲ್ಲಬೇಕು. ಧೂಳು ಏಳುವುದಿಲ್ಲ, ಸದ್ದು ಮಾತ್ರ ಸರಸರ. ನಾನು ಹಿಂದೆಯೇ ಎಲೆ ಬಳಿದೆ. ಆಮೇಲೆ ಆಕೆ ತ್ಸೋಂಗಾದಲ್ಲಿ ಒಂದು ಹಾಡು ಗುನುಗಿದರು, ನಾನು ಕನ್ನಡದಲ್ಲಿ ಒಂದು. ಇಬ್ಬರೂ ಲೆನ್ ಅವರಿಗಾಗಿ ಪ್ರಾರ್ಥಿಸಿ, ಬಾಗಿಲು ತಟ್ಟದೆ ಬಂದೆವು. ಬಾಗಿಲು ತಟ್ಟದಿರುವುದಕ್ಕೆ ನನಗೆ ಬೇರೆಯೇ ಶಕ್ತಿ ಬೇಕಾಯಿತು.

ಮರುದಿನ ಹೋದರೆ ಅಂಗಳದ ನಡುವೆ ರಂಗೋಲಿ!

ಎಂಟು ಎಳೆಯ ಚೊಕ್ಕ ರಂಗೋಲಿ. ನಾನು ಕಸಬರಿಗೆ ಕೈಬಿಟ್ಟು ನಿಂತೆ. "ಏನಿದು?" ಎಂದರು ತ್ಸಕಾನಿ. ಇದು ನಮ್ಮ ಕಡೆ ಬರುವವರನ್ನು ಸ್ವಾಗತಿಸುವ ಚಿತ್ರ, ಭಾರತದಿಂದ ಒಬ್ಬ ಟೀಚರ್ ಬರುತ್ತಾರೆಂದು ಹೆಲೆನ್ ಹೇಳಿರಬೇಕು, ಆ ಮನುಷ್ಯ ಎಲ್ಲೋ ನೋಡಿ ಕಲಿತು ನನಗೋಸ್ಕರ ಹಾಕಿದ್ದಾನೆ ಎಂದು ಉಸಿರು ಬಿಡದೆ ವಿವರಿಸಿದೆ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರೇ ಬಂತು. ಟ್ಯೂಬ್ ಓಡಿಸುತ್ತಿದ್ದ ಗಂಡಸಿನ ಕೈಯಲ್ಲಿ ಇಷ್ಟು ನೇರವಾದ ಎಳೆ! ತ್ಸಕಾನಿ ಬೊಗಸೆ ಕೈಯಲ್ಲಿ ಮೆಲ್ಲಗೆ ಚಪ್ಪಾಳೆ ತಟ್ಟಿದರು. ರಂಗೋಲಿಯ ಸುತ್ತ ಜೋಪಾನವಾಗಿ ಗುಡಿಸಿ, ಹೆಲೆನ್‌ಗೆ ಹೋಗಿ ವರದಿ ಒಪ್ಪಿಸಿದೆವು.

"ಲೆನ್? ರಂಗೋಲಿ?" ಎಂದರು ಹೆಲೆನ್. ಇಂಗ್ಲಿಷರು ತುಂಬ ಆಶ್ಚರ್ಯವಾದಾಗ ಟೀ ಕುಡಿಯುತ್ತಾರೆ. ಅವರು ಟೀ ಕುಡಿದರು.

ಶುಕ್ರವಾರ, ಅದೇ ಅಂಗಳ

ಮೂರನೇ ದಿನ ಹಾಡು ಮುಗಿಸಿ ಕಣ್ಣು ಮುಚ್ಚಿದ್ದೆ. ಮೂಗಿಗೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬಡಿಯಿತು. ಪ್ರಾರ್ಥನೆಯ ನಡುವೆಯೇ, ಲೆನ್ ಸಾಹೇಬರಿಗೆ ಒಗ್ಗರಣೆಯೂ ಬರುತ್ತದಲ್ಲ ಕರ್ತನೇ ಎಂದು ಮೆಚ್ಚಿಕೊಂಡೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಬಾಗಿಲಲ್ಲಿ ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡ, ಹಣೆಯಲ್ಲಿ ಕಾಸಗಲ ಕುಂಕುಮವಿಟ್ಟ ಒಬ್ಬ ಹೆಂಗಸು ಸೌಟು ಹಿಡಿದು ನಿಂತಿದ್ದರು.

"ಹ್ವಾಯ್, ನಿಲ್ಲಿ ಕಾಂಬ! ಮೂರ್ ದಿನದಿಂದ ಗುಡ್ಸ್ತಾ ಇದ್ರಿ, ನೀವ್ ಯಾರಂದೇಳಿ ಗೊತ್ತಾಯ್ಲಿಲ್ಲ ಮರಾಯ್ರೆ!"

ಕನ್ನಡ! "ನೀವು ಕನ್ನಡದವರೇನ್ರಿ?" ಎಂದೆ.

"ಕನ್ನಡದವ್ರಲ್ದೆ ಮತ್ತೆಂತ? ಕುಂದಾಪ್ರದವ್ರ್."

"ಲೆನ್ ಸಾಹೇಬ್ರು ಮನ್ಯಾಗ ಅದಾರೇನ್ರಿ?"

"ಯಾವ ಲೆನ್? ಇಲ್ಲಿಪ್ಪುದ್ ನಾನ್, ನನ್ ಮಗ, ಸೊಸಿ, ಮೊಮ್ಮಗಳ್."

ನಾನು ಅಂಗಳದ ಸುತ್ತ ನೋಡಿದೆ. ಕುಂಡದ ಬಟ್ಟೆ ಆವತ್ತು ಸರಿದಿತ್ತು, ಒಳಗೆ ತುಳಸಿ. ಆ ಹೆಂಗಸು ಗಿರಿಜಕ್ಕ. ಮಗ ಹತ್ತಿರದ ಹೋಟೆಲಿನಲ್ಲಿ ಅಡಿಗೆಯ ಮುಖ್ಯಸ್ಥ. ನನ್ನ ಚೀಟಿ ಇಸಿದುಕೊಂಡು, ಕನ್ನಡಕ ಏರಿಸಿ ನೋಡಿದರು.

"ಇದ್ ರೋಡ್. ಈ ಚೀಟಿಯಂಗೆ ಬರ್ದದ್ ಗಾರ್ಡನ್ಸ್. ಆಚಿ ಬೀದಿ. ಇಲ್ಲ್ ರೋಡ್, ಗಾರ್ಡನ್ಸ್, ಅವೆನ್ಯೂ, ಕ್ಲೋಸ್, ನಾಲ್ಕಕ್ಕೂ ಒಂದೇ ಹೆಸ್ರ್. ಪೋಸ್ಟಿನವ್ರಿಗೂ ತಪ್ಪತ್ತ್."

ಚೀಟಿ ಮೂರು ದಿನವೂ ನನ್ನ ಪರ್ಸಿನಲ್ಲಿತ್ತು. ಮರದ ಹೆಸರು ಸರಿ, ನಂಬರ್ ಸರಿ, ಉಳಿದದ್ದು ಇಂಗ್ಲಿಷರ ಅಲಂಕಾರ ಎಂದುಕೊಂಡಿದ್ದೆ. ತ್ಸಕಾನಿಯ ಹಳ್ಳಿಯಲ್ಲಿ ಮನೆಗೆ ನಂಬರೇ ಇಲ್ಲ, ಆಕೆ ಓದಿದವಳು ನಾನೆಂದು ನಂಬಿದ್ದರು. ಬಾಗಿಲು ತಟ್ಟುವ ಪದ್ಧತಿ ಇದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

"ನಾನ್ ಮಗ ಆ್ಯಪಂಗೆ ಗುಡ್ಸುಕ್ ಯಾರನ್ನೋ ಬುಕ್ ಮಾಡಿದ್ದ ಅಂದ್ಕಂಡೆ," ಎಂದರು ಗಿರಿಜಕ್ಕ. "ಅಷ್ಟ್ ಚಂದ ಮಾಡಿ ಗುಡ್ಸಿದ್ ಕಂಡ್ ರಂಗೋಲಿ ಹಾಕ್ದೆ. ಈ ಊರಿಗ್ ಬಂದ್ ಮೇಲೆ ಒಂದ್ ದಿನವೂ ಹಾಕಿರ್ಲಿಲ್ಲ."

ನಾನು ತ್ಸಕಾನಿಗೆ ವಿಷಯ ತಿಳಿಸಿದೆ. ಆಕೆ ಒಂದು ಕ್ಷಣ ರಂಗೋಲಿ ನೋಡಿದರು, ಒಂದು ಕ್ಷಣ ಗಿರಿಜಕ್ಕನ ಕುಂಕುಮ ನೋಡಿದರು, ಆಮೇಲೆ ಕಸಬರಿಗೆಯನ್ನು ಊರಿಕೊಂಡು ನಗತೊಡಗಿದರು. ಆ ನಗು ಅಂಟುವಂಥದ್ದು. ಮೂವರು ಮುದುಕಿಯರು ಬೆಳಗಿನ ಆರೂವರೆಗೆ ಹುಣಸೆ ರೋಡಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತಾಗ ನನಗೆ ನೆನಪಾದದ್ದು ಲೆನ್. ಮೂರು ದಿನ ಬರುತ್ತೇವೆಂದು ಹೇಳಿಸಿ, ಮೂರು ದಿನವೂ ನಾವು ಹೋಗಿಲ್ಲ. ಉಳಿದದ್ದು ಒಂದೇ ಬೆಳಗು.

ಶುಕ್ರವಾರವೇ, ಹುಣಸೆ ಗಾರ್ಡನ್ಸ್

ಓಡಿದೆವು. ಎಂದರೆ, ನಮ್ಮ ಮೊಣಕಾಲುಗಳು ಯಾವುದನ್ನು ಓಟ ಎನ್ನುತ್ತವೋ ಅದನ್ನು ಮಾಡಿದೆವು. ಪದ್ಧತಿ ಮರೆತು ನಾನೇ ಬೆಲ್ ಒತ್ತಿದೆ.

ಎತ್ತರದ, ಬಿಳಿಗೂದಲ ಮನುಷ್ಯ ಬಾಗಿಲು ತೆಗೆದರು. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಮಾಡಿದ ಬೂಟು. ಅಷ್ಟು ಬೆಳಿಗ್ಗೆ ಮನೆಯೊಳಗೆ ಬೂಟು ಹಾಕಿಕೊಂಡು ಯಾರಾದರೂ ಕೂರುತ್ತಾರೆಂದರೆ ಯಾರನ್ನೋ ಕಾಯುತ್ತಿದ್ದಾರೆಂದೇ ಅರ್ಥ. ಅವರ ಹಿಂದೆ ಮೇಜಿನ ಮೇಲೆ ಮೂರು ಕಪ್ಪುಗಳು ಕಂಡವು. ನಾನು ಕ್ಷಮೆ ಕೇಳಿದೆ. ಒಂದು ಸಲ ಕೇಳಿ ಸುಮ್ಮನಾಗುವ ಜಾತಿ ನನ್ನದಲ್ಲ, ರೋಡು, ಗಾರ್ಡನ್ಸು, ರಂಗೋಲಿ, ಒಗ್ಗರಣೆ ಎಲ್ಲವನ್ನೂ ಸೇರಿಸಿ ಕೇಳಿದೆ.

"ಪರವಾಗಿಲ್ಲ, ಬಿಡಿ," ಎಂದರು ಲೆನ್. "ಹೇಗೂ ಭಾನುವಾರಕ್ಕೆ ಮುಗಿಯುತ್ತದಲ್ಲ."

ಬಾಗಿಲು ಸದ್ದಿಲ್ಲದೆ ಮುಚ್ಚಿತು. ನಮ್ಮ ಕಡೆ ಸಿಟ್ಟು ಬಂದವರು ಪಾತ್ರೆ ಕುಕ್ಕುತ್ತಾರೆ, ನಾವು ಸಮಾಧಾನ ಮಾಡಬಹುದು. ಇವರು ಪರವಾಗಿಲ್ಲ ಎಂದುಬಿಟ್ಟರೆ ಹಿಡಿಯುವುದೆಲ್ಲಿ? ಮೊದಲ ಬಾರಿಗೆ ನನಗೆ ನಗು ಬರಲಿಲ್ಲ. ನನ್ನ ಜಂಬಕ್ಕೆ ಒಬ್ಬ ಮನುಷ್ಯ ಮೂರು ಬೆಳಗು ಬೂಟು ಹಾಕಿಕೊಂಡು ಕೂತಿದ್ದನಲ್ಲ ಎಂದು ನಾಚಿಕೆಯಾಯಿತು. ತ್ಸಕಾನಿ ಸೊಂಟ ಬಾಗಿಸಿ ಅವರ ಅಂಗಳ ಗುಡಿಸತೊಡಗಿದರು. ನಾನೂ ಎಲೆ ಬಳಿದೆ.

ಶನಿವಾರ, ಲೆನ್ ಅವರ ಅಡಿಗೆಮನೆ

ಬೆಳಿಗ್ಗೆ ಆರಕ್ಕೆ ಹೋದರೆ ಗೇಟಿನಲ್ಲಿ ಗಿರಿಜಕ್ಕ ಕಾಯುತ್ತಿದ್ದರು, ಕೈಯಲ್ಲಿ ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರ್.

"ಅವ್ರ್ ಪಾಲಿಂದ್ ಮೂರ್ ದಿನ ನಾನ್ ತಕಂಡೆ. ಅದ್ ಸರಿ ಆತಿಲ್ಲ," ಎಂದರು. "ನಿಮ್ ದೇವ್ರ್ ನಿಮ್ಗೆ, ನಮ್ ದೇವ್ರ್ ನಮ್ಗೆ. ಬೆಳಿಗ್ಗೆ ಎದ್ ಕೂಕಂಬುದ್ ಇಬ್ರಿಗೂ ಒಂದೇ ಅಲ್ದಾ?"

ನಾವು ಗುಡಿಸಿದೆವು, ಹಾಡಿದೆವು. ಬಾಗಿಲು ಅಲುಗಲಿಲ್ಲ. ತ್ಸಕಾನಿ ಕಾಯೋಣ ಎಂದು ಸನ್ನೆ ಮಾಡಿದರು. "ಕಾದ್ ಕೂಕಂಡ್ರೆ ದೋಸೆ ತಣ್ದ್ ಹೋತ್ತ್" ಎಂದು ಗಿರಿಜಕ್ಕ ಹೋಗಿ ಬಾಗಿಲು ದಬದಬ ಬಡಿದರು. ತ್ಸೋಂಗಾ ಪದ್ಧತಿ ಅಲ್ಲಿಗೆ ಮುಗಿಯಿತು.

ಲೆನ್ ಬಾಗಿಲು ತೆಗೆದರು. ಗಿರಿಜಕ್ಕ ಮಗನ ಹೋಟೆಲಿನಲ್ಲಿ ಕಲಿತ ಇಂಗ್ಲಿಷಿನಲ್ಲಿ, "ಮಿಸ್ಟರ್, ನಿಮ್ಮ ಮೂರು ದಿನ ನನ್ನ ಮನೆಗೆ ಬಂತು. ಸಾರಿ. ತಿನ್ನಿ," ಎಂದು ನೇರವಾಗಿ ಒಳಗೆ ನಡೆದರು. ಗಿರಿಜಕ್ಕನನ್ನು ತಡೆಯುವ ಶಕ್ತಿ ಇಂಗ್ಲಿಷ್ ಸಭ್ಯತೆಗೆ ಇರಲಿಲ್ಲ. ತಟ್ಟೆಯಲ್ಲಿ ಬಿಳಿಯಾಗಿ, ತೆಳ್ಳಗೆ, ಮುಕ್ಕೋನವಾಗಿ ಮಡಿಸಿದ ನೀರುದೋಸೆ ಇಟ್ಟರು. ಲೆನ್ ಅದನ್ನು ಎರಡು ಬೆರಳಲ್ಲಿ ಎತ್ತಿ, ಮರ್ಯಾದೆಯಿಂದ ನ್ಯಾಪ್ಕಿನ್ನಿನಂತೆ ತೊಡೆಯ ಮೇಲೆ ಹಾಸಿಕೊಂಡು, ಇನ್ನು ಊಟ ಬರಲಿ ಎನ್ನುವಂತೆ ಕುಳಿತರು. ಗಿರಿಜಕ್ಕ "ಅಯ್ಯೋ ದೇವ್ರೆ" ಎಂದು ಕೂಗಿದರು. ವಿಷಯ ತಿಳಿದು ಲೆನ್ ಕಿವಿಯವರೆಗೆ ಕೆಂಪಾದರು, ಆಮೇಲೆ ಅವರೂ ನಕ್ಕರು.

ತಿಂದದ್ದಾಯಿತು. ಆ ಒಂದು ವಾಕ್ಯಕ್ಕೆ ಕಾಯುವ ಹೊತ್ತು. ನನ್ನ ನಾಲಿಗೆಯ ತುದಿಯಲ್ಲಿ ಸೃಷ್ಟಿಯಾದಿಯಾಗಿ ಎಲ್ಲವೂ ಸಿದ್ಧವಾಗಿ ನಿಂತಿತ್ತು. ತ್ಸಕಾನಿಯ ದೊಡ್ಡ ಕೈ ಬಂದು ನನ್ನ ಮೊಣಕಾಲಿನ ಮೇಲೆ ಕುಳಿತಿತು. ಬಾಯಿ ಮುಚ್ಚಿಕೊಂಡೆ. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

"ನನಗೆ ಬರುವುದಿಲ್ಲ," ಎಂದರು ಲೆನ್ ಕೊನೆಗೆ. "ದೇವರಿಗೆ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ನೀವು ಇಷ್ಟು ಕಷ್ಟಪಟ್ಟು ಬಂದಿರಿ, ಅದಕ್ಕೇ ಬೇಜಾರು. ಬುಧವಾರ ಕೆಟಲ್ ಇಟ್ಟು ಕೂತೆ. ಬರಲಿಲ್ಲ. ಇಬ್ಬರು ಹೆಂಗಸರು, ಊರು ಹೊಸದು, ಎಲ್ಲಿ ಹೋದರೋ ಅನ್ನಿಸಿತು. ಅವರಿಗೆ ಏನೂ ಆಗದಿರಲಿ, ಎಲ್ಲಿದ್ದಾರೋ ಸ್ವಲ್ಪ ನೋಡು ಅಂದೆ. ಮರುದಿನವೂ ಬರಲಿಲ್ಲ. ಮತ್ತೆ ಅದನ್ನೇ ಕೇಳಿದೆ. ನಿನ್ನೆ ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ."

"ಯಾರನ್ನು ಕೇಳಿದಿರಿ?" ಎಂದರು ತ್ಸಕಾನಿ.

"ಯಾರನ್ನು ಕೇಳುವುದು? ಅಡಿಗೆಮನೆಯಲ್ಲಿ ನಾನೊಬ್ಬನೇ..."

ಲೆನ್ ಅಲ್ಲಿಗೇ ನಿಂತರು. ಬಾಯಿ ತೆರೆದೇ ಇತ್ತು. ಮೂರು ಕಪ್ಪುಗಳನ್ನು ನೋಡಿದರು, ನಮ್ಮನ್ನು ನೋಡಿದರು. ತ್ಸಕಾನಿ ಎದ್ದು ನಿಂತು, ಮುಖ ಮೇಲೆತ್ತಿ, ತಮ್ಮೂರಿನ ಹೆಂಗಸರು ಸಂಭ್ರಮದಲ್ಲಿ ಹಾಕುವ ಕೂಗು ಹಾಕಿದರು. ನಾಲಿಗೆಯನ್ನು ತುಟಿಗಳ ನಡುವೆ ಹೊರಳಿಸಿ ಎಬ್ಬಿಸುವ ಆ ಉಲುಲುಲು ಸದ್ದಿಗೆ ಕಪಾಟಿನ ಗಾಜು ನಡುಗಿತು. ಪಕ್ಕದ ಮನೆಯ ನಾಯಿ ಬೊಗಳಿತು, ಎದುರು ಮನೆಯ ಕಿಟಕಿ ತೆರೆಯಿತು. ಗಿರಿಜಕ್ಕ ಏನೂ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದರು. ನಾನು ಒಂದೂ ಮಾತಾಡದೆ ಅತ್ತೆ.

ಭಾನುವಾರ, ಚರ್ಚಿನ ಬಾಗಿಲು

ಆರಾಧನೆ ಮುಗಿದ ಕೂಡಲೇ ಲೆನ್ ಎದ್ದು ನೇರವಾಗಿ ಹೆಲೆನ್ ಹತ್ತಿರ ಹೋದರು. ನಿನ್ನೆ ನಮ್ಮನ್ನು ಕಳಿಸುವಾಗ ಅವರು ಹೆಸರಿನ ವಿಷಯ ಎತ್ತಿರಲಿಲ್ಲ, ತ್ಸಕಾನಿ ಕೇಳಬೇಡ ಎಂದಿದ್ದರು. ನಾವು ಬಾಗಿಲ ಬಳಿ ನಿಂತು ನೋಡಿದೆವು. ಲೆನ್ ಏನೋ ಹೇಳಿದರು. ಹೆಲೆನ್ ತಲೆಯಾಡಿಸಿದರು, ಟೀ ಕುಡಿದರು.

ಲೆನ್ ನಮ್ಮ ಕಡೆ ಬಂದರು.

"ಹೇಳಿದೆ," ಎಂದರು.

"ಏನಂತ?"

"ಮುಂದಿನ ಸಲ ಬರುವ ಹೆಂಗಸರಿಗೆ ಒಂದು ನಕ್ಷೆ ಕೊಡಿ ಅಂತ." ಆಮೇಲೆ ಜೇಬಿನಿಂದ ಪೆನ್ಸಿಲ್ಲು, ಒಂದು ಸಣ್ಣ ಪುಸ್ತಕ ತೆಗೆದರು. ರೈಲು ಓಡಿಸಿದ ಮನುಷ್ಯ, ವೇಳೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. "ನನಗೆ ಬೆಳಿಗ್ಗೆ ಆರು ಗಂಟೆಯಾದಾಗ ನಿಮ್ಮ ಊರುಗಳಲ್ಲಿ ಎಷ್ಟು?"

ತ್ಸಕಾನಿಯದು ಏಳು. ನನ್ನದು ಹತ್ತೂವರೆ. ಎರಡನ್ನೂ ಬರೆದುಕೊಂಡರು.

"ಯಾಕೆ ಬೇಕು?" ಎಂದೆ.

"ದಿನಾ ಕೇಳಬೇಕಲ್ಲ," ಎಂದರು ಲೆನ್, "ನೀವಿಬ್ಬರೂ ಎಲ್ಲಿ ಹೋದಿರಿ ಅಂತ."

ಈಗ ನಾನು ಬೆಟಗೇರಿಯಲ್ಲಿದ್ದೇನೆ. ಹತ್ತೂವರೆಗೆ ನಾನು ಒಂದೇ ಕಡೆ ಇರುವವಳಲ್ಲ. ಒಂದು ದಿನ ಬ್ಯಾಂಕಿನ ಸಾಲಿನಲ್ಲಿ, ಒಂದು ದಿನ ಸಂತೆಯಲ್ಲಿ, ಒಂದು ದಿನ ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಜಗಳವಾಡುತ್ತಾ ಇರುತ್ತೇನೆ. ಎಲ್ಲಿದ್ದರೂ ಗಡಿಯಾರ ನೋಡಿ ಒಂದು ಕ್ಷಣ ನಿಲ್ಲುತ್ತೇನೆ. ಮೂವತ್ತು ವರ್ಷದ ಉದ್ದುದ್ದ ಪ್ರಾರ್ಥನೆಗಳಲ್ಲಿ ಒಂದೂ ನೆನಪಿಗೆ ಬರುವುದಿಲ್ಲ. ಸುತ್ತಲಿನವರು ತಿರುಗಿ ನೋಡಿದರೆ ನೋಡಲಿ, ನನಗೀಗ ಇರುವುದು ಒಂದೇ ವಾಕ್ಯ, ಅದನ್ನು ಬಾಯಿಬಿಟ್ಟೇ ಹೇಳುತ್ತೇನೆ.

"ಇಲ್ಲೇ ಅದೀನ್ರೀ."